ಹೊಳೆಯುವ ಕಪ್ಪು, ಹೊಳೆಯದ ಕಪ್ಪು

ಮನುಷ್ಯ ದಿನವೂ ತಪ್ಪದೆ ಮಾಡುವ ಕೆಲಸಗಳಲ್ಲಿ ಒಂದರ ಬಗ್ಗೆ ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ. ತಿಂದದ್ದನ್ನು ಹೇಳುತ್ತೇವೆ, ತಿನ್ನುವ ಮೊದಲೇ ಫೋಟೋ ತೆಗೆದು ಊರಿಗೆಲ್ಲ ಕಳಿಸುತ್ತೇವೆ. ರಾತ್ರಿ ನಿದ್ದೆ ಬಂತೋ ಇಲ್ಲವೋ, ಕನಸಿನಲ್ಲಿ ಯಾರು ಬಂದರು, ಇದನ್ನೆಲ್ಲ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳುತ್ತೇವೆ. ಆದರೆ ಬೆಳಗ್ಗೆ ಬಾಗಿಲು ಹಾಕಿಕೊಂಡು ಕಳೆಯುವ ಆ ಹತ್ತು ನಿಮಿಷ ಮಾತ್ರ ಪರಮ ಗುಟ್ಟು. ನಮ್ಮ ಮನೆಯಲ್ಲಂತೂ ಅದಕ್ಕೊಂದು ಹೆಸರೂ ಇರಲಿಲ್ಲ. ಅಪ್ಪ 'ಹೊರಗೆ ಹೋಗಿ ಬರ್ತೀನಿ' ಅನ್ನುತ್ತಿದ್ದರು. ಮನೆಯೊಳಗೇ ಕಕ್ಕಸು ಕಟ್ಟಿಸಿದ ಮೇಲೂ ಹಾಗೆಯೇ ಅನ್ನುತ್ತ ಒಳಗೆ ಹೋಗುತ್ತಿದ್ದರು. ಶಾಲೆಯಲ್ಲಿ ನಾವು ಎರಡು ಬೆರಳು ಎತ್ತುತ್ತಿದ್ದೆವು, ಅಷ್ಟೇ. ಐವತ್ತಾರು ವರ್ಷ ಈ ಶಿಸ್ತನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದ ನಾನು ಇವತ್ತು ನಿಮ್ಮ ಮುಂದೆ ಬಾಯಿ ಬಿಡುತ್ತಿದ್ದೇನೆ ಎಂದರೆ ಅದಕ್ಕೆ ಕಾರಣವಿದೆ. ನಮ್ಮಿಬ್ಬರ ಈ ಮರ್ಯಾದೆಯ ದೆಸೆಯಿಂದ ನನ್ನ ಸ್ನೇಹಿತ ಗೌಸ್ ಭಾಯ್ ಸಾಯುವುದರಲ್ಲಿದ್ದರು. ಊಟದ ಹೊತ್ತಿನಲ್ಲಿ ಓದುತ್ತಿದ್ದರೆ ದಯವಿಟ್ಟು ಊಟ ಮುಗಿಸಿಕೊಂಡು ಬನ್ನಿ, ನಾನು ಕಾಯುತ್ತೇನೆ.

ನನ್ನ ಕಸುಬು ಬಣ್ಣ. ಯಲಹಂಕದ ಹಳೇ ಊರಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಒಂದು ಪೇಂಟ್ ಅಂಗಡಿ ಇಟ್ಟುಕೊಂಡಿದ್ದೇನೆ. ಈಗ ಬಣ್ಣ ಬೆರೆಸಲು ಮೆಷಿನ್ ಬಂದಿದೆ, ನಂಬರ್ ಒತ್ತಿದರೆ ತಾನೇ ಹನಿ ಹಾಕುತ್ತದೆ. ಆದರೆ ನಂಬರ್ ಯಾವುದೆಂದು ಹೇಳುವುದಕ್ಕೆ ಕಣ್ಣು ಬೇಕಲ್ಲ, ಆ ಕಣ್ಣು ನನ್ನದು. ಗೋಡೆಯ ಗಾರೆ ಚೂರು ತರುತ್ತಾರೆ, ಸೀರೆಯ ಸೆರಗು ಹಿಡಿದು ತರುತ್ತಾರೆ, ಒಮ್ಮೆ ಒಬ್ಬ ಹೆಂಗಸು ಚೀಲದಿಂದ ಬದನೆಕಾಯಿ ತೆಗೆದು ಕೌಂಟರ್ ಮೇಲಿಟ್ಟು 'ಬೆಡ್‌ರೂಮಿಗೆ ಇದು' ಎಂದಿದ್ದರು. ಕೊಟ್ಟೆ. ಗೃಹಪ್ರವೇಶಕ್ಕೆ ಹೋಗಿ ನೋಡಿದಾಗ ಗೋಡೆಗೆ ಒಗ್ಗರಣೆಯೊಂದೇ ಬಾಕಿ ಅನ್ನಿಸಿತು. ಎದುರು ಸಾಲಿನ ಮನೆಗೆ ಯಾರಾದರೂ ತೇಪೆ ಬಣ್ಣ ಹೊಡೆದಿದ್ದರೆ ರಸ್ತೆಯ ಈಚೆಯಿಂದಲೇ ಕಾಲು ಶೇಡ್ ವ್ಯತ್ಯಾಸ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬಿದೆ ಎಂದು ಮನೆಯವರು ಹೇಳುತ್ತಾರೆ. ಸ್ವಲ್ಪ ಅಲ್ಲ, ಬೇಕಾದಷ್ಟಿದೆ.

ಗೌಸ್ ಭಾಯ್ ಪೇಂಟಿಂಗ್ ಕಂಟ್ರಾಕ್ಟರು. ಕಂಟ್ರಾಕ್ಟರು ಎಂದರೆ ಕಾರಿನಲ್ಲಿ ಬಂದು ಕೈ ತೋರಿಸಿ ಹೋಗುವವರಲ್ಲ, ನಾಲ್ಕು ಜನ ಆಳುಗಳಿದ್ದರೂ ತಾವೇ ಏಣಿ ಹತ್ತುವವರು. ನನಗಿಂತ ಎರಡು ವರ್ಷ ದೊಡ್ಡವರು, ಆದರೂ ಅಂಗಡಿಯವನು ಎಂಬ ಕಾರಣಕ್ಕೆ ನನ್ನನ್ನೇ 'ಅಣ್ಣ' ಅನ್ನುತ್ತಾರೆ. ಇಪ್ಪತ್ತೈದು ವರ್ಷಗಳಿಂದ ಬೆಳಗ್ಗೆ ಹತ್ತು ಗಂಟೆಗೆ ನನ್ನ ಅಂಗಡಿಗೆ ಬಂದು ಟೀ ಕುಡಿಯದೆ ಅವರು ಬ್ರಶ್ ಮುಟ್ಟಿದ್ದಿಲ್ಲ. ರಾಜಕೀಯ, ಮಕ್ಕಳ ಮಾರ್ಕ್ಸು, ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ಕು, ಸಿಮೆಂಟಿನಲ್ಲಿ ಮಣ್ಣು ಬೆರೆಸುವವರ ವಂಶಾವಳಿ, ಎಲ್ಲವನ್ನೂ ಮಾತಾಡಿದ್ದೇವೆ. ಮೇಲೆ ಹೇಳಿದ ಆ ಒಂದು ವಿಷಯ ಬಿಟ್ಟು.

ಇನ್ನು ನನ್ನ ಎರಡನೆಯ ದೌರ್ಬಲ್ಯ ಹೇಳಿಬಿಡುತ್ತೇನೆ. ನನಗೆ ಯಾವುದನ್ನೂ ಬಿಸಾಡಲು ಕೈ ಬರುವುದಿಲ್ಲ. ಅಂಗಡಿಯಲ್ಲಿ ಡಬ್ಬಿಯ ತಳದಲ್ಲಿ ಉಳಿದ ಬಣ್ಣಗಳನ್ನೆಲ್ಲ ಒಂದು ಬಕೆಟ್ಟಿಗೆ ಸುರಿದು ನಮ್ಮ ಮನೆಯ ಕಾಂಪೌಂಡಿಗೆ ಹೊಡೆಸುತ್ತೇನೆ. ಆ ಗೋಡೆಯ ಬಣ್ಣಕ್ಕೆ ಯಾವ ಕಂಪನಿಯ ಶೇಡ್ ಕಾರ್ಡಿನಲ್ಲೂ ಹೆಸರಿಲ್ಲ. ಇದೇ ಬುದ್ಧಿ ಮನೆಯ ಔಷಧಿ ಡ್ರಾಯರಿನ ಮೇಲೂ ತಿರುಗುತ್ತದೆ. ಹಿಂದೊಮ್ಮೆ ನನ್ನ ಹೆಂಡತಿ ವಿಮಲಾ ಕೆಮ್ಮಿಗೆಂದು ತಂದ ಸಿರಪ್ಪಿನಲ್ಲಿ ಅರ್ಧ ಬಾಟಲಿ ಉಳಿದಿತ್ತು. ಕೆಮ್ಮು ಬರುವವರೆಗೆ ಕಾದರೆ ಡೇಟು ಮುಗಿದುಹೋಗುತ್ತದೆಂದು ಕೆಮ್ಮಿಲ್ಲದೆಯೇ ಕುಡಿದು ಮುಗಿಸಿದ್ದೆ. ವಿಮಲಾ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ತಪ್ಪು ಲೆಕ್ಕ ಕಂಡರೆ ಬಿಡುವವಳಲ್ಲ. ಇನ್ನೊಮ್ಮೆ ಡ್ರಾಯರಿಗೆ ಕೈ ಹಾಕಿದರೆ ಅದಕ್ಕೆ ಬೀಗ ಹಾಕಿಸಿ ಬೀಗದ ಕೈಯನ್ನು ಶಾಲೆಗೆ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಳು.

ಹೋದ ವರ್ಷ ಅವಳಿಗೆ ಸುಸ್ತು ಜಾಸ್ತಿಯಾಗಿ, ರಕ್ತ ಕಮ್ಮಿ ಎಂದು ಡಾಕ್ಟರು ಐರನ್ ಮಾತ್ರೆ ಬರೆದುಕೊಟ್ಟಿದ್ದರು. ರಕ್ತ ಸರಿಹೋದ ಮೇಲೆ ಅವಳು ನಿಲ್ಲಿಸಿದಳು. ಮೂರು ಸ್ಟ್ರಿಪ್ ಉಳಿದುಹೋದವು. ಉಗುರು ಕತ್ತರಿ ಹುಡುಕಲು ಹೋದ ನನ್ನ ಕಣ್ಣಿಗೆ ಅವು ಬಿದ್ದವು. ಡೇಟು ನೋಡಿದೆ, ಎರಡೇ ತಿಂಗಳು ಬಾಕಿ. ಮೂವತ್ತು ಮಾತ್ರೆ, ಅಷ್ಟೂ ಒಳ್ಳೆಯ ಕಬ್ಬಿಣ. ನೀವಾದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನು ಅವತ್ತಿನಿಂದ ರಾತ್ರಿ ಊಟವಾದ ಮೇಲೆ, ವಿಮಲಾ ಉತ್ತರಪತ್ರಿಕೆ ತಿದ್ದುತ್ತ ಕೂತಿರುವಾಗ, ಒಂದೊಂದೇ ನುಂಗತೊಡಗಿದೆ.

ಒಂದು ವಾರವಾಗಿರಬೇಕು. ಬೆಳಗ್ಗೆ ಎದ್ದು ಫ್ಲಶ್ ಮಾಡುವ ಮೊದಲು ಅಕಸ್ಮಾತ್ ಕೆಳಗೆ ನೋಡಿದೆ. ಕಪ್ಪು. ಕಂದು ಅಲ್ಲ, ಗಾಢ ಕಂದೂ ಅಲ್ಲ. ನನ್ನಂಥವನಿಗೆ ಅನುಮಾನಕ್ಕೆ ಅವಕಾಶವೇ ಇಲ್ಲ, ಒಂದು ಚೂರು ಹಸಿರು ಬೆರೆತ ಕಪ್ಪು. ಮರುದಿನವೂ ಅದೇ. ನೀವು ಕೇಳಬಹುದು, ಮಾತ್ರೆ ನುಂಗುತ್ತಿದ್ದೆಯಲ್ಲ, ಅದರ ಮೇಲೆ ಅನುಮಾನ ಬರಲಿಲ್ಲವೇ ಎಂದು. ಬಂತು. ಬಂದ ಕ್ಷಣದಲ್ಲೇ ತಳ್ಳಿಹಾಕಿದೆ. ಏಕೆಂದರೆ ಕಬ್ಬಿಣದ ಬಣ್ಣ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿಟಕಿ ಸರಳಿಗೆ, ಗೇಟಿಗೆ ಮೊದಲು ಹೊಡೆಯುವ ರೆಡ್ ಆಕ್ಸೈಡ್ ಎಂದರೆ ಕಬ್ಬಿಣದ ತುಕ್ಕು, ಅದು ಇಟ್ಟಿಗೆ ಕೆಂಪು. ಕಬ್ಬಿಣ ತಿಂದವನಿಗೆ ಕೆಂಪು ಬಂದರೆ ಅದು ನ್ಯಾಯ. ಕಪ್ಪು ಬಂದಿದೆ ಎಂದರೆ ಬೇರೇನೋ ಇದೆ. ಇಪ್ಪತ್ತೆಂಟು ವರ್ಷದ ಅನುಭವ ಹೀಗೆ ಕೈ ಕೊಡುತ್ತದೆಂದು ನನಗೇನು ಗೊತ್ತು.

ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ಹೊಟ್ಟೆಯೊಳಗೆ ಎಲ್ಲೋ ಹುಣ್ಣಾಗಿ ರಕ್ತ ಸೋರಿದರೆ ಅದು ಕರುಳಿನುದ್ದಕ್ಕೂ ಇಳಿದು ಬರುವಷ್ಟರಲ್ಲಿ ಕಪ್ಪಗಾಗುತ್ತದೆಯಂತೆ. ಅಲ್ಲಿಂದ ಮುಂದೆ ಓದಿದಂತೆಲ್ಲ ರೋಗಗಳ ಹೆಸರು ಉದ್ದವಾಗುತ್ತ ಹೋಯಿತು. ಆ ಮಧ್ಯಾಹ್ನ ಒಬ್ಬರು ಪೂಜಾ ರೂಮಿಗೆ ಹಳದಿ ಕೇಳಿದರು, ಹತ್ತು ಲೀಟರ್ ಬೂದಿ ಬಣ್ಣ ಬೆರೆಸಿ ಕೊಟ್ಟುಬಿಟ್ಟೆ. ಅವರು ವಾಪಸು ತಂದಾಗ ಜಗಳವಾಡುವ ಚೈತನ್ಯವೂ ನನಗಿರಲಿಲ್ಲ. ಮನೆಯಲ್ಲಿ ಎರಡು ದಿನ ಮುಖ ಗಂಟು ಹಾಕಿಕೊಂಡು ತಿರುಗಿದೆ. ಕೊನೆಗೆ ವಿಮಲಾ ಪೆನ್ನು ಕೆಳಗಿಟ್ಟಳು.

"ರೀ, ಏನಾಗಿದೆ ನಿಮಗೆ? ಎರಡು ದಿನದಿಂದ ನೋಡ್ತಿದ್ದೀನಿ."

"ಬಣ್ಣ ಸರಿ ಬರ್ತಿಲ್ಲ ಕಣೆ."

"ಯಾವ ಗಿರಾಕೀದು?"

"ನಂದೇ."

ಮೂವತ್ತು ವರ್ಷದ ದಾಂಪತ್ಯದಲ್ಲಿ ನಾವು ಈ ವಿಷಯವನ್ನು ಮೊದಲ ಸಲ ಮಾತಾಡಿದ್ದು ಅವತ್ತು. ಅವಳು ನಗಲಿಲ್ಲ. ಮರುದಿನ ಅರ್ಧ ದಿನ ರಜೆ ಹಾಕಿ ನನ್ನನ್ನು ಯಲಹಂಕ ನ್ಯೂ ಟೌನಿನ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು.

ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ, ಪ್ರಶ್ನೆಗಳು ಮಾತ್ರ ಕರಾರುವಾಕ್ಕು. ಆದರೆ ಯಾವ ಪ್ರಶ್ನೆಗೂ ಉತ್ತರಿಸುವ ಭಾಗ್ಯ ನನಗೆ ಸಿಗಲಿಲ್ಲ. ಎಲ್ಲದಕ್ಕೂ ವಿಮಲಾಳೇ ಉತ್ತರ ಕೊಟ್ಟಳು. ಕುಡಿಯುತ್ತಾರಾ? ಇಲ್ಲ. ಸಿಗರೇಟು? ಮದುವೆಗೆ ಮುಂಚೆ. ನೋವಿನ ಮಾತ್ರೆ? ಇಲ್ಲ, ಅವರಿಗೆ ನೋವೇ ಇಲ್ಲ, ಎಲ್ಲ ನನಗೇ. "ಐರನ್ ಮಾತ್ರೆ, ಟಾನಿಕ್ಕು ಏನಾದ್ರೂ?" ಎಂದು ಡಾಕ್ಟರಮ್ಮ ಕೇಳಿದರು. "ಇವರಿಗ್ಯಾಕೆ ಡಾಕ್ಟ್ರೇ? ಅದು ನಂಗೆ ಕೊಟ್ಟಿದ್ರು, ನಾನೂ ಬಿಟ್ಟು ಎಷ್ಟೋ ತಿಂಗಳಾಯ್ತು," ಎಂದಳು. ನಾನು ಬಾಯಿ ತೆರೆದೆ, ಡ್ರಾಯರಿನ ಬೀಗ ಕಣ್ಣ ಮುಂದೆ ಬಂತು, ಬಾಯಿ ಮುಚ್ಚಿದೆ. ಅದೂ ಅಲ್ಲದೆ ಕಬ್ಬಿಣ ಕೆಂಪು ಎಂಬ ಜ್ಞಾನ ಬೇರೆ ಬೆನ್ನಿಗಿತ್ತಲ್ಲ.

ಕೊನೆಗೆ ವಿಮಲಾಳಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬಂತು. "ಟಾರ್ ಥರ ಇರತ್ತಾ? ಅಂಟಂಟಾಗಿ, ಹೊಳೀತಾ, ತುಂಬಾ ಕೆಟ್ಟ ವಾಸನೆ?" ನಾನು ನೆಟ್ಟಗೆ ಕೂತೆ. ಇದು ನನ್ನ ಇಲಾಖೆ. "ಇಲ್ಲ ಡಾಕ್ಟ್ರೇ, ಹೊಳಪೇ ಇಲ್ಲ. ಮ್ಯಾಟ್ ಫಿನಿಶ್," ಎಂದೆ. ಅವರು ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಹೊಳೆಯೋದು ಇದ್ರೆ ನಂಗೆ ಜಾಸ್ತಿ ಭಯ. ಅದು ಸಾಮಾನ್ಯವಾಗಿ ಒಳಗೆ ರಕ್ತ ಹೋಗ್ತಿರೋದು. ಹಾಗಿದ್ರೆ ಒಂದು ದಿನಾನೂ ಕಾಯಬಾರದು," ಎಂದರು. "ನಿಮ್ಮದು ಹಾಗೆ ಕಾಣ್ತಿಲ್ಲ. ಆದ್ರೂ ಕಾರಣ ಸಿಗದೆ ಬಿಡೋಕಾಗಲ್ಲ. ರಕ್ತ, ಮಲ ಎರಡೂ ಟೆಸ್ಟ್ ಮಾಡಿಸಿ. ಶನಿವಾರ ಎಂಡೋಸ್ಕೋಪಿ ಇಟ್ಕೊಳ್ಳೋಣ." ಎಂಡೋಸ್ಕೋಪಿ ಎಂದರೆ ಗಂಟಲಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಒಳಗೆ ನೋಡುವುದು. ಸಾಂಬಾರಿನಲ್ಲಿ ಬಂದ ಕರಿಬೇವೇ ಸಿಕ್ಕಿಕೊಳ್ಳುವ ಗಂಟಲು ನನ್ನದು.

ಮಲ ಪರೀಕ್ಷೆಗೆ ಒಂದು ಪುಟ್ಟ ಡಬ್ಬಿ ಕೊಟ್ಟಿದ್ದರು. ಮರುದಿನ ಬೆಳಗ್ಗೆ ಅದನ್ನು ಅಂಗಡಿಯ ಸ್ಯಾಂಪಲ್ ಚೀಲದಲ್ಲಿಟ್ಟುಕೊಂಡು ಲ್ಯಾಬಿಗೆ ಹೊರಟವನಿಗೆ ದಾರಿಯಲ್ಲಿ ಹಳೆಯ ಗಿರಾಕಿಯೊಬ್ಬರು ಸಿಕ್ಕಿದರು. "ಏನ್ ಸಮಾಚಾರ, ಹೊಸ ಶೇಡ್ ಬಂದಿದ್ಯಾ? ತೋರ್ಸಿ ನೋಡೋಣ," ಎಂದು ಚೀಲಕ್ಕೆ ಕೈ ಚಾಚಿದರು. ಇನ್ನೂ ಕಂಪನಿ ಒಪ್ಪಿಲ್ಲ ಎಂದು ಹೇಳಿ ಪಾರಾಗಿ ಬಂದೆ.

ಲ್ಯಾಬಿಗೆ ಕೊಟ್ಟು ಅಂಗಡಿ ಬಾಗಿಲು ತೆರೆಯುವಷ್ಟರಲ್ಲಿ ಹತ್ತಾಗಿತ್ತು. ಗೌಸ್ ಭಾಯ್ ಬಂದರು. ಮೊದಲೆಲ್ಲ ಕೌಂಟರಿಗೆ ಒರಗಿ ನಿಂತೇ ಟೀ ಕುಡಿಯುತ್ತಿದ್ದವರು ಈಚೆಗೆ ಬಂದವರೇ ಗೋಡೆಗೆ ಬಳಿಯುವ ಪುಟ್ಟಿ ಪುಡಿಯ ಮೂಟೆಯ ಮೇಲೆ ಕೂತುಬಿಡುತ್ತಿದ್ದರು. ಮೂಟೆ ಹರಿದೀತು ಎಂದು ನನಗೆ ಒಳಗೊಳಗೇ ಕಿರಿಕಿರಿ. ಅವರು ಟೀ ಊದುತ್ತ ನನ್ನನ್ನು ನೋಡಿದರು.

"ಕ್ಯಾ ಜೀ ಅಣ್ಣ, ಮುಖ ಯಾಕೆ ಹಿಂಗಾಗಿದೆ? ಹುಷಾರಿಲ್ವಾ?"

ಎರಡು ದಿನ ಹೆಂಡತಿಗೇ ಹೇಳದವನು ಅವರು ಕೇಳಿದ ತಕ್ಷಣ ಕರಗಿಹೋದೆ. ಆದರೆ ಹೇಳುವುದು ಹೇಗೆ? ಬಾಯಲ್ಲಿ ಪದವೇ ಇಲ್ಲ. ಕೈಗೆ ಸಿಕ್ಕ ಶೇಡ್ ಕಾರ್ಡ್ ತೆಗೆದು, ಕಪ್ಪುಗಳ ಸಾಲು ತೆರೆದು, ಹೊಳಪಿಲ್ಲದ ಒಂದು ಚೌಕದ ಮೇಲೆ ಬೆರಳಿಟ್ಟು, "ನಾಲ್ಕೈದು ದಿನದಿಂದ ಬೆಳಗ್ಗೆ ಬೆಳಗ್ಗೆ ಇದು ಬರ್ತಿದೆ ಭಾಯ್," ಎಂದೆ. ಪಾಪ, ಅವರಿಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಗಂಭೀರವಾಗಿ ಕಾರ್ಡನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕಣ್ಣು ಕಿರಿದು ಮಾಡಿ ನೋಡಿದರು.

"ಇದು ಮ್ಯಾಟ್. ನಂದು ಇದಲ್ಲ," ಎಂದರು. ಅವರ ಬೆರಳು ಪುಟ ದಾಟಿ, ಗೇಟು ಗ್ರಿಲ್ಲುಗಳಿಗೆ ಹೊಡೆಯುವ ಎನಾಮೆಲ್ ಬಣ್ಣಗಳ ಕಡೆ ಹೋಗಿ, ಫಳಫಳ ಹೊಳೆಯುವ ಕಪ್ಪಿನ ಮೇಲೆ ನಿಂತಿತು. "ನಂದು ಇದು."

"ನಿಮ್ಮದು ಅಂದ್ರೆ?"

"ಹದಿನೈದು ದಿನ ಆಯ್ತು ಅಣ್ಣ. ಟಾರ್ ಇದ್ದಂಗೆ. ಎರಡು ಬಕೆಟ್ ನೀರು ಹಾಕಿದ್ರೂ ಹೋಗಲ್ಲ, ಬ್ರಶ್ ಹಾಕಿ ಉಜ್ಜಬೇಕು. ಅದ್ಕೇನೀಗ? ಇಲ್ಲೇ ಸಿಂಗಾಪುರ ಬಡಾವಣೆಯ ಅಪಾರ್ಟ್‌ಮೆಂಟಲ್ಲಿ ಮೂರು ವಾರದಿಂದ ಗೇಟು, ಗ್ರಿಲ್ಲು, ಎಲ್ಲ ಬ್ಲ್ಯಾಕ್ ಎನಾಮೆಲ್ಲೇ ಹೊಡೀತಿರೋದು. ಅದೇ ಕೈಯಲ್ಲಿ ಊಟ ಮಾಡ್ತೀವಿ. ಹೊಟ್ಟೆಗೆ ಹೋಗಿರತ್ತೆ, ಬರ್ತಿದೆ. ಮುಂದಿನ ವಾರ ಬೇರೆ ಮನೇಲಿ ಸೀಲಿಂಗ್‌ಗೆ ಬಿಳಿ ಶುರು ಮಾಡ್ತೀನಿ, ಸರಿ ಹೋಗತ್ತೆ."

ನಾನು ಟೀ ಲೋಟ ಕೌಂಟರ್ ಮೇಲಿಟ್ಟೆ. ಡಾಕ್ಟರಮ್ಮ ಹೇಳಿದ್ದ ಒಂದೊಂದು ಮಾತೂ ಕಿವಿಯಲ್ಲಿ ಕೇಳಿಸಿತು. ಅಂಟು, ಹೊಳಪು, ಒಂದು ದಿನವೂ ಕಾಯಬಾರದು. ನೋವಿನ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ರೋಲರ್ ಎತ್ತಿ ಎತ್ತಿ ಭುಜ ಹಿಡಿದುಕೊಂಡಿದೆ, ಮೆಡಿಕಲ್ ಶಾಪಿನವನು ಕೊಡುತ್ತಾನೆ, ಬೆಳಗ್ಗೆ ಒಂದು ಸಂಜೆ ಒಂದು, ಆರು ತಿಂಗಳಾಯಿತು ಎಂದರು. ತಿಂಡಿ ತಿಂದು ತೆಗೆದುಕೊಳ್ಳುತ್ತೀರಾ ಎಂದರೆ, ನಿಮ್ಮ ಟೀ ಜೊತೆಗೇ ಅಲ್ಲವಾ ಅಣ್ಣ, ದಿನಾ ನಿಮ್ಮ ಮುಂದೇನೇ ನುಂಗುತ್ತೀನಿ ಎಂದರು. ನಿಜವೇ. ಆರು ತಿಂಗಳು ನನ್ನ ಕಣ್ಣೆದುರೇ ನುಂಗಿದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆಯೋ ಏನೋ ಎಂದುಕೊಂಡಿದ್ದೆ, ಕೇಳಿರಲಿಲ್ಲ.

ಈಗಲೇ ಡಾಕ್ಟರ ಹತ್ತಿರ ಹೋಗೋಣ ಎಂದೆ. "ನಕ್ಕೋ ಅಣ್ಣ, ಬೇಡ," ಎಂದರು. ಗುರುವಾರ ಆ ಅಪಾರ್ಟ್‌ಮೆಂಟಿನಲ್ಲಿ ಗೃಹಪ್ರವೇಶ, ಗೇಟು ಮುಗಿಯಬೇಕು. ಅದೂ ಅಲ್ಲದೆ ವಿಷಯ ಮಗಳು ಶಬಾನಾಳಿಗೆ ಗೊತ್ತಾದರೆ ಮತ್ತೆ ಏಣಿ ಹತ್ತಲು ಬಿಡುವುದಿಲ್ಲ. ಹೆದರಿಸಿ ನೋಡಿದೆ, ಬೈದೆ, ನನ್ನ ಮೊಬೈಲ್ ತೆಗೆದು ಆ ಉದ್ದುದ್ದ ಹೆಸರುಗಳನ್ನು ಓದಿ ಹೇಳಿದೆ. ಅವರು ಟೀ ಮುಗಿಸಿ ಲೋಟ ಕೆಳಗಿಟ್ಟು ಎದ್ದರು. ಎದ್ದವರು ಒಂದು ಕ್ಷಣ ಗೋಡೆ ಹಿಡಿದುಕೊಂಡು ನಿಂತರು.

ಆಗ ನನಗೆ ಹೊಳೆಯಿತು, ಈ ಮನುಷ್ಯ ತನಗಾಗಿ ಯಾವತ್ತೂ ಆಸ್ಪತ್ರೆಯ ಮೆಟ್ಟಿಲು ಹತ್ತುವವರಲ್ಲ, ಬೇರೆಯವರಿಗಾದರೆ ಏಣಿಯನ್ನೂ ಬಿಟ್ಟು ಓಡಿ ಬರುತ್ತಾರೆ. "ಭಾಯ್, ನಿಜ ಹೇಳ್ತೀನಿ," ಎಂದೆ. "ಇವತ್ತೇ ನಂಗೆ ಗಂಟಲಿಗೆ ಪೈಪ್ ಹಾಕ್ತಾರೆ. ವಿಮಲಾಗೆ ಶಾಲೆ. ಒಬ್ಬನೇ ಹೋಗೋಕೆ ಕೈಕಾಲು ನಡುಗ್ತಿದೆ. ನೀವು ಪಕ್ಕದಲ್ಲಿ ಕೂತಿದ್ರೆ ಸಾಕು." ಶನಿವಾರದ್ದನ್ನು ಇವತ್ತಿಗೆ ತಂದದ್ದೊಂದೇ ಸುಳ್ಳು, ನಡುಕ ನಿಜವಾಗಿಯೂ ಇತ್ತು. ಅವರು ನನ್ನ ಭುಜದ ಮೇಲೆ ಕೈ ಇಟ್ಟು, "ಅಷ್ಟೇನಾ? ನಡೀರಿ. ನಾನಿಲ್ವಾ," ಎಂದರು. ಶಟರ್ ಎಳೆದು ಆಟೋ ಹಿಡಿದೆ. ದಾರಿಯುದ್ದಕ್ಕೂ ಅವರು ನನಗೆ ಧೈರ್ಯ ಹೇಳುತ್ತ ಬಂದರು. ಮಾತಿನ ನಡುನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತಿದ್ದರು.

ನರ್ಸಿಂಗ್ ಹೋಮಿಗೆ ಇರುವುದು ಆರೇ ಮೆಟ್ಟಿಲು. ನಾಲ್ಕನೆಯದರ ಮೇಲೆ ಗೌಸ್ ಭಾಯ್ ಕೂತುಬಿಟ್ಟರು. ನಾನು ಒಳಗೆ ಓಡಿ, ಸಾಲಿನಲ್ಲಿದ್ದವರ ಬೈಗುಳ ತಿಂದು, ಡಾಕ್ಟರಮ್ಮನ ಮುಂದೆ ನಿಂತು, "ಡಾಕ್ಟ್ರೇ, ಹೊಳೆಯೋದು ಕರ್ಕೊಂಡು ಬಂದಿದ್ದೀನಿ," ಎಂದೆ. ಎಂಥ ಅಸಂಬದ್ಧ ಮಾತು ನೋಡಿ. ಆದರೆ ಅವರಿಗೆ ಅರ್ಥವಾಯಿತು. ಎದ್ದು ಹೊರಗೇ ಬಂದರು.

"ಪೇಷಂಟ್ ನಾನಲ್ಲ ಮೇಡಂ, ಅಣ್ಣ," ಎಂದು ಗೌಸ್ ಭಾಯ್ ಮೆಟ್ಟಿಲ ಮೇಲಿಂದಲೇ ನನ್ನ ಕಡೆ ಕೈ ತೋರಿಸಿದರು. ಡಾಕ್ಟರಮ್ಮ ಬಗ್ಗಿ ಅವರ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದರು. ಅಲ್ಲಿ ಕೆಂಪು ಇರಬೇಕಾದ ಕಡೆ ಬಿಳಿ ಇತ್ತು. "ಇವರು ಎಷ್ಟು ದಿನದಿಂದ ಹೀಗೆ ಬಿಳಿಚಿಕೊಂಡಿದ್ದಾರೆ?" ಎಂದು ನನ್ನನ್ನು ಕೇಳಿದರು. ನಾನು ಗೌಸ್ ಭಾಯಿಯ ಮುಖ ನೋಡಿದೆ. ನಿಜವಾಗಿ ನೋಡಿದ್ದು ಅದೇ ಮೊದಲು ಅನ್ನಿಸಿತು. ತುಟಿ, ಕೆನ್ನೆ, ಕಿವಿ, ಎಲ್ಲ ಬಿಳಿ ಪ್ರೈಮರ್ ಮಾತ್ರ ಹೊಡೆದ ಗೋಡೆಯಂತೆ ಬಣ್ಣ ಕಳೆದುಕೊಂಡಿದ್ದವು. ದಿನಾ ಬೆಳಗ್ಗೆ ಹತ್ತು ಗಂಟೆಗೆ, ಒಂದು ಮೊಳ ದೂರದಲ್ಲಿ, ಒಳ್ಳೆಯ ಬೆಳಕಿನಲ್ಲಿ ಕೂತಿದ್ದ ಮುಖ ಅದು. ಗೊತ್ತಿಲ್ಲ ಎಂದೆ. ನನಗೆ ಬಹಳ ನಾಚಿಕೆಯಾಯಿತು.

ಆಮೇಲೆ ಎಲ್ಲ ಬೇಗಬೇಗ ನಡೆಯಿತು. ಸ್ಟ್ರೆಚರ್ ಬಂತು, ಕೈಗೆ ಸೂಜಿ ಹೋಯಿತು, ರಕ್ತ ಇರಬೇಕಾದ್ದರ ಅರ್ಧವೂ ಇಲ್ಲ ಎಂದು ರಿಪೋರ್ಟು ಬಂತು. ನನಗೆಂದು ಹೆದರಿಸಿಟ್ಟಿದ್ದ ಕೊಳವೆ ಗೌಸ್ ಭಾಯಿಯ ಗಂಟಲಿಗೆ ಇಳಿಯಿತು. ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಅದರಿಂದ ರಕ್ತ ಒಸರುತ್ತಿತ್ತಂತೆ. ಆ ಕೊಳವೆಯ ಮೂಲಕವೇ ಅದನ್ನು ನಿಲ್ಲಿಸಿದರು. "ಇನ್ನೆರಡು ದಿನ ಏಣಿ ಹತ್ತಿದ್ರೆ ಇವರು ನಮ್ಮ ಕೈಗೆ ಸಿಗ್ತಿರಲಿಲ್ಲ," ಎಂದು ಡಾಕ್ಟರಮ್ಮ ಹೇಳುವಾಗ ಶಬಾನಾ ಮತ್ತು ಅವಳ ತಾಯಿ ಬಂದಿದ್ದರು. ಭಾಭಿ ಗೋಡೆಗೆ ಒರಗಿ ಕೂತುಬಿಟ್ಟರು. ವಿಷಯ ತಿಳಿದು ಶಾಲೆಯಿಂದ ನೇರ ಬಂದ ವಿಮಲಾ ಅವರ ಪಕ್ಕ ಕೂತು ಕೈ ಹಿಡಿದುಕೊಂಡಳು.

ರಕ್ತ ಕೊಡಬೇಕಿತ್ತು. ಬ್ಲಡ್ ಬ್ಯಾಂಕಿನಿಂದ ಎರಡು ಬಾಟಲಿ ಬಂತು, ಅದಕ್ಕೆ ಬದಲಾಗಿ ನಮ್ಮ ಕಡೆಯಿಂದ ಇಬ್ಬರು ಕೊಟ್ಟರೆ ಒಳ್ಳೆಯದು ಎಂದರು. ಸುದ್ದಿ ಕೇಳಿ ಓಡಿಬಂದಿದ್ದ ಅವರ ಆಳುಗಳಲ್ಲಿ ಒಬ್ಬ ಮುಂದೆ ಬಂದ. ಇನ್ನೊಬ್ಬ ನಾನು ಎಂದೆ.

"ನೀವು ಕೊಡೋ ಹಾಗಿಲ್ಲ," ಎಂದರು ಡಾಕ್ಟರಮ್ಮ. "ನಿಮಗೇ ಒಳಗೆ ರಕ್ತ ಹೋಗ್ತಿದ್ಯಾ ಅಂತ ನಾವು ನೋಡ್ತಿದ್ದೀವಿ."

ಒಂದು ಕಡೆ ಬಾಟಲಿ ತೂಗುಹಾಕಿಕೊಂಡು ಮಲಗಿದ ಗೌಸ್ ಭಾಯ್, ಇನ್ನೊಂದು ಕಡೆ ವಿಮಲಾ. ನನ್ನ ಜೀವನದಲ್ಲಿ ಇಷ್ಟು ಕಷ್ಟದ ಮಾತು ಆಡಿದ್ದಿಲ್ಲ. "ಡಾಕ್ಟ್ರೇ, ನಾನು ಇವಳ ಐರನ್ ಮಾತ್ರೆ ನುಂಗ್ತಿದ್ದೆ. ದಿನಾ ಒಂದು. ಡೇಟ್ ಮುಗಿಯತ್ತೆ ಅಂತ," ಎಂದೆ. ಡಾಕ್ಟರಮ್ಮ ಕಣ್ಣು ಮುಚ್ಚಿ ತೆಗೆದರು. ಐರನ್ ತಿಂದರೆ ಕಪ್ಪಗೇ ಹೋಗುತ್ತದೆ, ಅದಕ್ಕೇ ಅಲ್ಲವೇ ಮೊದಲ ದಿನವೇ ಕೇಳಿದ್ದು ಎಂದರು. ಕಬ್ಬಿಣ ಕೆಂಪಲ್ಲವೇ, ರೆಡ್ ಆಕ್ಸೈಡ್ ಎಂದು ನಾನು ಶುರುಮಾಡಿದೆ. ಮುಂದುವರಿಸಲಿಲ್ಲ. ಅವರು ನನ್ನ ರಿಪೋರ್ಟುಗಳನ್ನು ತರಿಸಿ ನೋಡಿದರು. ಮಲದಲ್ಲಿ ರಕ್ತದ ಸುಳಿವಿಲ್ಲ. ಮೈಯಲ್ಲಿ ರಕ್ತ ಭೇಷಾಗಿದೆ. "ಕೊಡಿ ಹೋಗಿ," ಎಂದರು. "ಶನಿವಾರ ಬರೋದು ಬೇಡ. ಆದ್ರೆ ಇನ್ನೊಂದ್ಸಲ ಡಾಕ್ಟರ್ ಹತ್ರ ಸುಳ್ಳು ಹೇಳ್ಬೇಡಿ. ಇವರ ಹಾಗೆ ನಿಜವಾಗ್ಲೂ ಹುಣ್ಣಿದ್ದು ನೀವು ಮಾತ್ರೆ ವಿಷಯ ಮುಚ್ಚಿಟ್ಟಿದ್ರೆ ನಾನೇನು ಮಾಡ್ಬೇಕಿತ್ತು?" ನಾನು ರಕ್ತ ಕೊಟ್ಟು ಬಿಸ್ಕತ್ತು ತಿನ್ನುತ್ತಿರುವಾಗ ವಿಮಲಾ ಪಕ್ಕದಲ್ಲಿ ಬಂದು ನಿಂತು, "ಎಷ್ಟು ಉಳಿದಿದೆ?" ಎಂದಳು. ಇಪ್ಪತ್ತು ಎಂದೆ. ಮನೆಗೆ ಹೋದ ಮೇಲೆ ತನ್ನ ಕೈಯಾರೆ ಎಣಿಸಿ ಕಸಕ್ಕೆ ಹಾಕಿದಳು. ಹದಿನೆಂಟೇ ಇದ್ದವು, ಅದಕ್ಕೂ ಮಾತು ಕೇಳಿದ್ದಾಯಿತು.

ಮೂರನೆಯ ದಿನ ಗೌಸ್ ಭಾಯ್ ಎದ್ದು ಕೂತಿದ್ದರು. ತುಟಿಗೆ ಬಣ್ಣ ಬಂದಿತ್ತು. ಅವರನ್ನು ನೋಡಲು ಬಂದ ನೆಂಟರು ಮಂಚದ ಸುತ್ತ ತುಂಬಿದ್ದರು. ನಾನು ಒಳಗೆ ಹೋದದ್ದೇ ತಡ ಶಬಾನಾ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಬಿ.ಕಾಂ. ಓದುವ ಹುಡುಗಿ, ಎತ್ತಿ ಆಡಿಸಿದ ಮಗು. ಅವಳ ಕಣ್ಣು ತುಂಬಿತ್ತು.

"ಅಂಕಲ್, ನಾವು ಮನೇಲಿ ದಿನಾ ನೋಡ್ತಿದ್ವಿ, ನಮಗೇ ಗೊತ್ತಾಗ್ಲಿಲ್ಲ. ನೀವು ಮುಖದ ಕಲರ್ ನೋಡೇ ಕಂಡುಹಿಡಿದ್ರಂತಲ್ಲ. ಎಲ್ರಿಗೂ ಅದನ್ನೇ ಹೇಳ್ತಿದ್ದೆ. ಅಂಕಲ್ ಕಣ್ಣು ಅಂದ್ರೆ ಅದು."

ನೆಂಟರೆಲ್ಲ ನನ್ನ ಕಡೆ ತಿರುಗಿದರು. ಒಬ್ಬ ಮುದುಕರು ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದರು. ಈ ಕಥೆ ಅವಳಿಗೆ ಯಾರು ಹೇಳಿದರೋ, ಬಹುಶಃ ಅವಳೇ ಊಹಿಸಿಕೊಂಡಿರಬೇಕು. ನಾನು ಹೇಳಬೇಕಾಗಿದ್ದದ್ದು ಇಷ್ಟು: ಇಲ್ಲಮ್ಮ, ನಾನು ನಿಮ್ಮಪ್ಪನ ಮುಖ ನೋಡಲೇ ಇಲ್ಲ. ಅವರು ಬಿಳಿಚಿಕೊಂಡು ಮೂಟೆಯ ಮೇಲೆ ಕುಸಿದು ಕೂರುವಾಗ ನಾನು ಮೂಟೆ ನೋಡುತ್ತಿದ್ದೆ. ಹೆಂಡತಿಯ ಮಾತ್ರೆ ಕದ್ದು ತಿಂದು, ಇಲ್ಲದ ಕಾಯಿಲೆಗೆ ಹೆದರಿ ಅತ್ತುಕೊಂಡದ್ದರಿಂದ ಮಾತು ಹೊರಬಿತ್ತು. ನನ್ನ ಮುಖ ನೋಡಿ ಹುಷಾರಿಲ್ಲವೇ ಎಂದು ಕೇಳಿದ್ದು ನಿಮ್ಮಪ್ಪ.

"ಹೌದಮ್ಮ," ಎಂದೆ.

ಹೇಳಿದ ಮೇಲೆ ಗೌಸ್ ಭಾಯಿಯ ಕಡೆ ನೋಡಲು ಧೈರ್ಯ ಬರಲಿಲ್ಲ. ಅವರಿಗೆ ಎಲ್ಲ ಗೊತ್ತು, ಶೇಡ್ ಕಾರ್ಡಿನ ಮೇಲೆ ಬೆರಳಿಟ್ಟವರೇ ಅವರು. ಗಂಜಿ ಕುಡಿಯುತ್ತಿದ್ದರು. ನೆಂಟರೆಲ್ಲ ಟೀ ಕುಡಿಯಲು ಕೆಳಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದು ಮಂಚದ ಅಂಚಿನಲ್ಲಿ ಕೂರಿಸಿಕೊಂಡರು.

"ಹೌದು ಅಂದ್ಬಿಟ್ರಲ್ಲ ಅಣ್ಣ."

"ತಪ್ಪಾಯ್ತು ಭಾಯ್. ಬಾಯಿಗೆ ಬಂದ್ಬಿಡ್ತು."

"ಇರ್ಲಿ ಬಿಡಿ, ಮಗಳು ಖುಷಿಯಾಗಿದ್ದಾಳೆ," ಎಂದರು. ಚಮಚ ಬಟ್ಟಲಿನಲ್ಲಿಟ್ಟು ಮುಖವನ್ನು ಕಿಟಕಿಯ ಬೆಳಕಿನ ಕಡೆಗೆ ತಿರುಗಿಸಿದರು. "ಈಗಾದ್ರೂ ನೋಡಿ ಹೇಳಿ. ಹೆಂಗಿದೆ?"

ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಅವತ್ತು ಮೊದಲ ಸಲ, ಅವಸರವಿಲ್ಲದೆ ನೋಡಿದೆ.